ಗೋಡೆಯ ತೇವ: ಬಣ್ಣಕ್ಕಿಂತ ಮೊದಲು ಕಾರಣ ಹುಡುಕಿ

ಈದ್ ಹತ್ತಿರವಾದಂತೆ ಮನೆಗೆ ಸುಣ್ಣ-ಬಣ್ಣ ಬಳಿಯುವುದು ರೂಢಿ. ಆದರೆ ಕೆಲವೇ ತಿಂಗಳಲ್ಲಿ ಗೋಡೆಯ ಬುಡದ ಬಣ್ಣ ಉಬ್ಬಿ ಉದುರತೊಡಗಿದರೆ ದೋಷ ಬಣ್ಣದ್ದಲ್ಲ, ಒಳಗಿನ ನೀರಿನದು. ಆ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಮಾಡಿದ ಖರ್ಚೆಲ್ಲ ವ್ಯರ್ಥ.

ರಾಯಚೂರು ಜಿಲ್ಲೆಯಲ್ಲಿ ಮಳೆ ಕಡಿಮೆ. ಆದರೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದಲ್ಲಿ ಗೋಡೆಗಳು ಕೆಳಗಿನಿಂದ ತೇವ ಹೀರುತ್ತವೆ. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಸವಳು ನೆಲದ ಉಪ್ಪು ನೀರಿನೊಂದಿಗೆ ಗೋಡೆಗೆ ಏರಿ, ಒಣಗಿದಾಗ ಬಿಳಿ ಪುಡಿಯಾಗಿ ಗಿಲಾವನ್ನು ಒಡೆಯುತ್ತದೆ. ಇಂತಹ ಗೋಡೆಗೆ ಆಯಿಲ್ ಪೇಂಟ್ ಬಳಿದರೆ ತೇವ ಹೊರಹೋಗಲಾರದೆ ಇನ್ನೂ ಮೇಲೇರುತ್ತದೆ. ಹಾಳಾದ ಗಿಲಾವು ತೆಗೆದು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸುವುದು ಉತ್ತಮ. ಹೊಸ ಮನೆ ಕಟ್ಟುವವರು ಅಡಿಪಾಯದ ಮೇಲೆ, ಗೋಡೆ ಏಳುವ ಮೊದಲೇ, ನೀರು ತಡೆಯುವ ಕಾಂಕ್ರೀಟ್ ಪದರ ಹಾಕಿಸಲು ಮರೆಯಬಾರದು.

ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಬುಡದಲ್ಲಿ ಗೋಡೆ ಕೆಡಿಸುವ ಅದೇ ಸವಳು ಮಣ್ಣು ಮಾಳಿಗೆಯ ಮೇಲೆ ಗೆಳೆಯ. ನೆನೆದಾಗ ಅದರ ಸಣ್ಣ ಕಣಗಳು ಸಂದುಗಳನ್ನು ಮುಚ್ಚಿ ನೀರು ಇಳಿಯದಂತೆ ತಡೆಯುತ್ತವೆ. ಹಿರಿಯರು ಮಳೆಗೆ ಮುಂಚೆ ಅದನ್ನು ಹರಡುತ್ತಿದ್ದುದು ಇದಕ್ಕೇ. ಈ ಕೆಲಸವನ್ನು ವರ್ಷ ವರ್ಷ ಮುಂದೂಡುವುದು ಅಪಾಯ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಭಾರೀ ಮಳೆಗೆ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮನೆಗಳು ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. ನೆನೆದ ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಬಿಟ್ಟಿದ್ದರೆ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಕಾರಣ ಪತ್ತೆಗೆ ಸುಲಭ ಉಪಾಯವಿದೆ. ತೇವದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಅದು ಅಡುಗೆಯ ಹಬೆ ಮತ್ತು ಮುಚ್ಚಿದ ಕಿಟಕಿಗಳ ಫಲ. ಗಾಳಿ ಆಡಲು ಬಿಟ್ಟರೆ ಸಾಕು. ಮಳೆಯಿಲ್ಲದ ದಿನಗಳಲ್ಲೂ ತೇವ ಆರದಿದ್ದರೆ ಬಚ್ಚಲು, ವುಝೂ ಮಾಡುವ ಜಾಗ, ನಲ್ಲಿ ಮತ್ತು ಟ್ಯಾಂಕಿನ ಕೊಳವೆಗಳನ್ನು ಪರೀಕ್ಷಿಸಿ. ತೇವದ ಗೋಡೆಯಲ್ಲಿ ಬೆಳೆಯುವ ಬೂಷ್ಟು ಅಸ್ತಮಾ ಇರುವ ಮಕ್ಕಳಿಗೆ, ವೃದ್ಧರಿಗೆ ಬಹಳ ತೊಂದರೆ ಕೊಡುತ್ತದೆ.

ಕೊನೆಗೊಂದು ಮಾತು. ನಮ್ಮ ಮಾಳಿಗೆಯ ನೀರು, ಬಚ್ಚಲಿನ ನೀರು ಯಾರ ಗೋಡೆಯ ಬುಡಕ್ಕೆ ಬೀಳುತ್ತಿದೆ? ನೆರೆಯವರ ಹಕ್ಕಿಗೆ ಇಸ್ಲಾಮ್ ನೀಡಿದ ಮಹತ್ವ ನಮಗೆಲ್ಲ ಗೊತ್ತು. ನಮ್ಮ ಮನೆ ಒಣಗಿಸಲು ಪಕ್ಕದ ಮನೆಯನ್ನು ನೆನೆಸುವುದು ದುರಸ್ತಿಯಲ್ಲ, ಅನ್ಯಾಯ. ಒಂದು ಕೊಳವೆಯನ್ನು ಚರಂಡಿಯವರೆಗೆ ಉದ್ದ ಮಾಡಿದರೆ ಎರಡು ಗೋಡೆಗಳೂ ಉಳಿಯುತ್ತವೆ, ಎರಡು ಮನೆಗಳ ನಡುವಿನ ಸಂಬಂಧವೂ ಉಳಿಯುತ್ತದೆ.