ಚೀಲದಲ್ಲಿ ಕಂಡ ಚಿರತೆ

2016ನೆಯ ಇಸವಿಯ ಫೆಬ್ರುವರಿ 7ರ ಭಾನುವಾರ, ಬೆಳಕು ಹರಿಯುವ ಮುನ್ನವೇ, ನಮ್ಮ ಕುಂದಲಹಳ್ಳಿಯ ಖಾಸಗಿ ಶಾಲೆಯೊಂದರ ಆವರಣದಲ್ಲಿ ಚಿರತೆಯೊಂದು ಅಡ್ಡಾಡುತ್ತಿದ್ದುದು ಅಲ್ಲಿನ ಸಿಸಿಟಿವಿಯಲ್ಲಿ ಮೂಡಿತು. ಅರಣ್ಯ ಇಲಾಖೆಯವರೂ ಪೊಲೀಸರೂ ಹಗಲೆಲ್ಲ ಸುತ್ತುಗಟ್ಟಿ ನಿಂತು, ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರೂ ಸೇರಿದಂತೆ ಕೆಲವರು ಗಾಯಗೊಂಡು, ಕಡೆಗೆ ಕತ್ತಲಾದ ಮೇಲೆ ಅರಿವಳಿಕೆಯ ಚುಚ್ಚುಮದ್ದಿಗೆ ಆ ಪ್ರಾಣಿ ವಶವಾಗಿ ಬನ್ನೇರುಘಟ್ಟಕ್ಕೆ ಸಾಗಿತು. ರಜೆಯ ದಿನವಾದ್ದರಿಂದ ಮಕ್ಕಳಾರೂ ಅಲ್ಲಿರಲಿಲ್ಲವೆಂಬುದೊಂದೇ ಸಮಾಧಾನ.

ಆ ದಿನದ ಚಿರತೆ ಯಥಾರ್ಥವಾದ ಚಿರತೆ. ಅದರ ವಿಷಯದಲ್ಲಿ ನಾನು ಹೇಳಬೇಕಾದುದೇನೂ ಇಲ್ಲ. ನನ್ನ ಕುತೂಹಲವಿರುವುದು ಅನಂತರದ ದಿನಗಳಲ್ಲಿ ಕಂಡ ಚಿರತೆಗಳ ವಿಷಯದಲ್ಲಿ. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೊಂದು ಕಂಡಿತೆಂಬ ವಾರ್ತೆ ಹಬ್ಬಿತು, ಅದೇ ವಾರ ಈ ಸುತ್ತಿನ 100ಕ್ಕೂ ಹೆಚ್ಚು ಶಾಲೆಗಳು ಬಾಗಿಲು ಮುಚ್ಚಿದವು, ಹುಡುಕಾಟ ನಡೆಯಿತು, ಎರಡನೆಯ ಚಿರತೆ ಸೆರೆಸಿಕ್ಕಿತೆಂಬ ಸುದ್ದಿ ಮಾತ್ರ ಬರಲಿಲ್ಲ. ಕಂಡೆವೆಂದವರು ಸುಳ್ಳಾಡಿದರೆಂದು ನಾನೆಂದೂ ಹೇಳಲಾರೆ, ಏಕೆಂದರೆ ಅವರ ಸಾಲಿನಲ್ಲಿ ನಾನೂ ಇದ್ದೇನೆ.

ಆ ವಾರದ ಒಂದು ರಾತ್ರಿ, ಕೆರೆಯ ಕಡೆಯಿಂದ ಮನೆಗೆ ಬರುತ್ತಿದ್ದಾಗ, ಅರೆಕಟ್ಟಿದ ಕಟ್ಟಡವೊಂದರ ಮುಂದೆ ಹೊಂಗೆಯ ಮರದ ಬುಡದಲ್ಲಿ ಅದು ಕುಳಿತಿತ್ತು: ಬಾಗಿದ ಬೆನ್ನು, ತಗ್ಗಿಸಿದ ತಲೆ, ಮೈತುಂಬ ಚುಕ್ಕೆ, ಅಷ್ಟೇಕೆ, ಉಸಿರಾಟದ ಏರಿಳಿತ ಕೂಡ. ಕಾಲು ನೆಲಕ್ಕೆ ಅಂಟಿತು. ಗೇಟಿನ ಬಳಿಯಿದ್ದ ಸೆಕ್ಯುರಿಟಿಯಾತ, ಕಲಬುರಗಿಯ ಕಡೆಯವನು, ಟಾರ್ಚು ಬಿಟ್ಟು ನೋಡಿ, ‘ಚಿರತಿ ಎಲ್ಲದರೀ ಸರ, ಸಿಮೆಂಟ್ ಚೀಲ ಅದ ನೋಡ್ರಿ’ ಎಂದ. ಅರ್ಧ ತುಂಬಿ ಮಡಿಸಿಟ್ಟ ಚೀಲ; ಬೀದಿದೀಪಕ್ಕೆ ಅಡ್ಡವಾದ ಹೊಂಗೆಯ ಎಲೆಗಳ ನೆರಳೇ ಚುಕ್ಕೆ; ಗಾಳಿಯೇ ಅದರ ಉಸಿರು.

ಈ ಭ್ರಾಂತಿಯಲ್ಲಿ ಕಣ್ಣಿನ ಪಾಲೆಷ್ಟು, ಮನಸ್ಸಿನ ಪಾಲೆಷ್ಟು? ನಮ್ಮ ಅಕ್ಷಿಪಟಲದಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿಗೂ ಸ್ಪಂದಿಸುವ ದಂಡಕೋಶಗಳು ಸುಮಾರು 12 ಕೋಟಿ. ನೆಟ್ಟ ನೋಟ ಬೀಳುವ ನಡುಬಿಂದುವಿನಲ್ಲಿ ದಂಡಕೋಶಗಳೇ ಇಲ್ಲ. ಆದ್ದರಿಂದಲೇ ಗಾಢವಾದ ಕತ್ತಲಿನಲ್ಲಿ ಕಡೆಗಣ್ಣಿಗೆ ಸುಳಿದದ್ದು ದಿಟ್ಟಿಸಿದೊಡನೆ ಮಾಯವಾಗುತ್ತದೆ. ‘ಇತ್ತು, ನೋಡುವಷ್ಟರಲ್ಲಿ ಇಲ್ಲವಾಯಿತು’ ಎಂದು ಭೂತವನ್ನು ಕಂಡವರು ಹೇಳುವ ಮಾತಿನಲ್ಲಿ ಈ ಮಟ್ಟಿಗೆ ಶರೀರಶಾಸ್ತ್ರದ ಸತ್ಯವೇ ಇದೆ. ಹೀಗೆ ಕಣ್ಣು ಒಪ್ಪಿಸುವ ಹರಕು ಮುರುಕು ವರದಿಯಲ್ಲಿ ಬಿಟ್ಟ ಸ್ಥಳಗಳನ್ನು ಮಿದುಳು ತನ್ನ ನಿರೀಕ್ಷೆಯಿಂದ ತುಂಬಿಕೊಳ್ಳುತ್ತದೆ. 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ಅರಿವಿಗೆ ಬಾರದೆಯೇ ನಡೆಯುವ ಅನುಮಾನವೆಂದು ಕರೆದನು. ಪ್ರತ್ಯಕ್ಷವೇ ಬೇರೆ, ಅನುಮಾನವೇ ಬೇರೆ ಎಂದು ಎಣಿಸಿದ ನಮ್ಮ ನೈಯಾಯಿಕರೊಡನೆ ಆತನನ್ನು ವಾದಕ್ಕೆ ಕೂರಿಸಿದ್ದರೆ ಎಷ್ಟು ಸೊಗಸಾಗಿರುತ್ತಿತ್ತೋ.

ನಮ್ಮವರು ಈ ತಪ್ಪುನೋಟವನ್ನು ಬಹು ಹಿಂದೆಯೇ ಗುರುತಿಸಿದ್ದರು. ಕತ್ತಲಲ್ಲಿ ನಿಶ್ಚಯವಾಗದ ಹಗ್ಗವು ಹಾವಾಗಿಯೋ ನೀರಿನ ಧಾರೆಯಾಗಿಯೋ ತೋರುವುದೆಂದು ಗೌಡಪಾದರು ತಮ್ಮ ಕಾರಿಕೆಯಲ್ಲಿ ಹೇಳಿದರು. ಶಂಕರರು ಅಧ್ಯಾಸವನ್ನು ವಿವರಿಸುವಾಗ ಚಿಪ್ಪಿನಲ್ಲಿ ಬೆಳ್ಳಿ ತೋರುವುದನ್ನು ಉದಾಹರಿಸಿದರು. ತತ್ತ್ವಜಿಜ್ಞಾಸುಗಳಿಗೆ ಈ ದೃಷ್ಟಾಂತಗಳೆಲ್ಲ ಸಮಾನ. ನನಗಾದರೋ ಇವುಗಳ ನಡುವಣ ಭೇದವೇ ಹೆಚ್ಚು ಮುಖ್ಯವಾಗಿ ತೋರುತ್ತದೆ: ಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣಿಸುವುದು ಆಸೆ, ಹಗ್ಗದಲ್ಲಿ ಹಾವನ್ನು ಕಾಣಿಸುವುದು ಭಯ. ತಪ್ಪಿಗೂ ಒಂದು ದಿಕ್ಕುಂಟು. ಆ ದಿಕ್ಕನ್ನು ಹಿಡಿದು ಹಿಂದಕ್ಕೆ ನಡೆದರೆ ಅದು ಹೊರಟ ಮನೆ ಸಿಕ್ಕೀತು.

ಪ್ರಯೋಗಶಾಲೆಗಳಲ್ಲಿ ನಡೆದದ್ದೂ ಇಂಥ ಹುಡುಕಾಟವೇ. ಸ್ವೀಡನ್ನಿನ ಆರ್ನೆ ಓಮನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೂವು ಅಣಬೆಗಳ ಚಿತ್ರಗಳ ನಡುವೆ ಒಂದು ಹಾವನ್ನೋ ಜೇಡವನ್ನೋ ಇಟ್ಟರೆ, ಹಾವುಗಳ ನಡುವಣ ಹೂವನ್ನು ಹುಡುಕುವುದಕ್ಕಿಂತ ಬೇಗನೆ ಜನ ಅದನ್ನು ಕಂಡುಹಿಡಿದರು. ಹಾವಿಗೆ ವಿಶೇಷವಾಗಿ ಅಂಜುವವರು ಹಾವನ್ನೂ ಜೇಡಕ್ಕೆ ಅಂಜುವವರು ಜೇಡವನ್ನೂ ಇನ್ನಷ್ಟು ಬೇಗ ಕಂಡರು. ಸ್ಟೆಫಾನುಚಿ ಮತ್ತು ಪ್ರಾಫಿಟ್ ಎಂಬ ಅಮೆರಿಕದ ಸಂಶೋಧಕರು ಸುಮಾರು 8 ಮೀಟರ್ ಎತ್ತರದ ಬಾಲ್ಕನಿಯನ್ನು ಆರಿಸಿಕೊಂಡು 2009ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯವಾದುದು: ಕೆಳಗಿನಿಂದ ನೋಡಿದವರಿಗಿಂತ ಮೇಲಿನಿಂದ ಬಗ್ಗಿ ನೋಡಿದವರಿಗೆ ಅದೇ ಎತ್ತರ ಹೆಚ್ಚಾಗಿ ತೋರಿತು, ಅಂಜಿಕೆ ಹೆಚ್ಚಿದಷ್ಟೂ ಎತ್ತರವೂ ಬೆಳೆಯಿತು. ಐಟಿಪಿಎಲ್ ರಸ್ತೆಯ ಆಚೀಚೆ ಎದ್ದುನಿಂತಿರುವ ಅಪಾರ್ಟ್‌ಮೆಂಟುಗಳ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಗೆ ನೋಡಲೊಲ್ಲದ ಅಜ್ಜಿಯರು ಹೇಡಿಗಳಲ್ಲ. ಅವರು ಕಾಣುವ ಆಳವೇ ಬೇರೆ.

ಹೀಗೆಂದು, ತಪ್ಪುನೋಟವೊಂದನ್ನು ಹಿಡಿದು ಒಬ್ಬರ ಅಂತರಂಗವನ್ನೆಲ್ಲ ಓದಿಬಿಡುವೆನೆಂಬ ಸಾಹಸವೂ ಸಲ್ಲದು. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಶಾಯಿಕಲೆಯ 10 ಚಿತ್ರಗಳ ಬೆಲೆಯ ಕುರಿತು ಮನಶ್ಶಾಸ್ತ್ರಜ್ಞರ ಜಗಳ ಇಂದಿಗೂ ತೀರಿಲ್ಲ. ಅನಿಶ್ಚಿತವಾದ ಆಕಾರವನ್ನು ಅಪಾಯವೆಂದೇ ಮೊದಲು ಎಣಿಸುವುದು ಜೀವಿಗೆ ಹಿತವಾದ ರೂಢಿ: ಚೀಲವನ್ನು ಚಿರತೆಯೆಂದರೆ ಹೋಗುವುದು ಒಂದು ರಾತ್ರಿಯ ನಿದ್ದೆ, ಚಿರತೆಯನ್ನು ಚೀಲವೆಂದರೆ ಹೋಗುವುದು ಪ್ರಾಣ.

ನನ್ನ ವಿಷಯಕ್ಕೆ ಬರುವುದಾದರೆ, ಆ ದಾರಿಯುದ್ದಕ್ಕೂ ಅಂದು ಚೀಲಗಳಿದ್ದವು, ಮರಳಿನ ಗುಡ್ಡೆಗಳಿದ್ದವು, ಮಲಗಿದ ನಾಯಿಗಳಿದ್ದವು, ಅವೊಂದೂ ಚಿರತೆಯಾಗಲಿಲ್ಲ. ಏಕೆಂದು ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು: ಆ ಹೊಂಗೆಯ ಬುಡವೇ ನನ್ನ ಮೊಮ್ಮಗಳು ಬೆಳಗಿನ ಮಬ್ಬಿನಲ್ಲಿ ಶಾಲೆಯ ಬಸ್ಸಿಗೆ ಕಾಯುವ ಜಾಗ. ಹಾಗೊಂದು ಅಂಜಿಕೆ ನನ್ನೊಳಗೆ ಉಂಟೆಂದು ಆ ಮುನ್ನ ಯಾರಾದರೂ ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆ.

ಮಾರನೆಯ ರಾತ್ರಿ ಆ ಸೆಕ್ಯುರಿಟಿಯಾತ ನನ್ನನ್ನು ಮನೆಯವರೆಗೆ ಬಿಡಲೆಂದು ಜೊತೆಗೆ ಬಂದ. ಮರದ ಬುಡವನ್ನು ನಾವಿಬ್ಬರೂ ನಿರಾಯಾಸವಾಗಿ ದಾಟಿದೆವು. ಹತ್ತು ಹೆಜ್ಜೆ ಮುಂದೆ, ಕಂಬದಿಂದ ಕಳಚಿ ಬಿದ್ದಿದ್ದ ಇಂಟರ್‌ನೆಟ್ಟಿನ ಕರಿಯ ಕೇಬಲ್ಲಿನ ಸುರುಳಿಯನ್ನು ಕಂಡು ಆತ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆಳೆದ. ಟಾರ್ಚಿನ ಬೆಳಕಿನಲ್ಲಿ ಅದು ಕೇಬಲ್ಲೆಂದು ನಿಶ್ಚಯವಾದ ಮೇಲೂ ಲಾಠಿಯ ತುದಿಯಿಂದ ಎರಡು ಸಲ ತಟ್ಟಿ ನೋಡಿ, ‘ನಮ್ಮ ಕಡಿ ತೊಗರಿ ಹೊಲದಾಗ ಹಿಂಗ ಬಿದ್ದಿರ್ತಾವರೀ’ ಎಂದ.