ಟಿವಿ, ಮೊಬೈಲ್ ಒಂದಾಗಿವೆ, ನೀವು ಸಿದ್ಧರಿದ್ದೀರಾ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಊರು ಯಾವುದೇ ಇರಲಿ, ಸಂಜೆಯಾದರೆ ಅತ್ತೆ ಪಡಸಾಲೆಯ ಟಿವಿ ಮುಂದೆ, ಮಕ್ಕಳು ಮೊಬೈಲ್ ಹಿಡಿದು ಮೂಲೆಯಲ್ಲಿ. ನಿಮ್ಮ ಮನೇಲೂ ಹೀಗೇ ಅಲ್ವಾ?

1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದಾಗ ಧಾರಾವಾಹಿ ತಪ್ಪಿದರೆ ಪಕ್ಕದ ಮನೆಯವರನ್ನೇ ಕಥೆ ಕೇಳಬೇಕಿತ್ತು. ಇಂಟರ್‌ನೆಟ್‌ಗೆ ಸೈಬರ್ ಕೆಫೆ, ಮಾತಿಗೆ ಫೋನ್. ಒಂದೊಂದಕ್ಕೂ ಅದರದೇ ಹೊತ್ತು, ಜಾಗ ಇತ್ತು. 2015ರಲ್ಲಿ ಈಟಿವಿ ಕನ್ನಡ, ಕಲರ್ಸ್ ಕನ್ನಡವಾಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಅದೇ ವರ್ಷ ಯುಪಿಐ ಕೂಡ ಬಂತು. ಈಗ ಅದೇ ಚಾನೆಲ್‌ನ ಧಾರಾವಾಹಿ ಜಿಯೋಹಾಟ್‌ಸ್ಟಾರ್‌ನಲ್ಲಿ ಬೇಕೆಂದಾಗ ಸಿಗುತ್ತದೆ.

ಅನುಕೂಲ ಇಲ್ಲವೆಂದಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆ, ಕಿತ್ತೂರು ಉತ್ಸವದ ವಿಡಿಯೊಗಳನ್ನು ಮನೆಯಲ್ಲೇ ಕೂತು ನೋಡಬಹುದು. ಆದರೆ ಮನರಂಜನೆ ಇರುವ ಮೊಬೈಲಿನಲ್ಲೇ ಬ್ಯಾಂಕ್ ಖಾತೆಯೂ ಇದೆ, ಅದೇ ಮೊಬೈಲ್ ಮಕ್ಕಳ ಕೈಯಲ್ಲೂ ಇದೆ. ಎಚ್ಚರ ಬೇಕಾದದ್ದು ಇಲ್ಲೇ. ಹೀಗೆ ಮಾಡಿ:

* ಕಡಿಮೆ ಬೆಲೆಯ ಆಫರ್ ಎಂದು ಆಪ್‌ಗೆ ಚಂದಾ ಕಟ್ಟುವಾಗ ‘ಆಟೋಪೇ’ಗೆ ಒಪ್ಪಿಗೆ ಕೊಟ್ಟಿರುತ್ತೀರಿ. ಆಮೇಲೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತು ಮತ್ತೆ ಪಿನ್ ಕೇಳದೆಯೇ ಕಡಿತವಾಗಬಹುದು. ಮೊಬೈಲಿನಿಂದ ಆಪ್ ತೆಗೆದರೆ ಸಾಲದು, ಯುಪಿಐ ಆಪ್‌ನಲ್ಲಿ ಆಟೋಪೇ ಪಟ್ಟಿ ನೋಡಿ ಬೇಡದ್ದನ್ನು ರದ್ದು ಮಾಡಿ.

* ಟಿವಿಗೂ ಮೊಬೈಲಿಗೂ ಒಂದೇ ಖಾತೆಯಿದ್ದರೆ, ದೊಡ್ಡವರು ಮೊಬೈಲಿನಲ್ಲಿ ನೋಡಿದಂಥದ್ದೇ ಮಕ್ಕಳ ಮುಂದೆ ಟಿವಿಯಲ್ಲೂ ಬರಬಹುದು. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ಯೂಟ್ಯೂಬಿನಲ್ಲಿ ಆಟೋಪ್ಲೇ ಬಂದ್ ಮಾಡಿ. ಯುಪಿಐ ಪಿನ್ ಅವರಿಗೆ ಗೊತ್ತಾಗದಿರಲಿ.

* ನಮಗೆ ಹಣ ಬರಲು ಪಿನ್ ಬೇಡವೇ ಬೇಡ. ‘ಬಹುಮಾನ ಬಂದಿದೆ, ಪಿನ್ ಒತ್ತಿ’, ‘ಸ್ಕ್ರೀನ್ ಷೇರ್ ಮಾಡಿ’ ಎಂದರೆ ಮೋಸ ಎಂದೇ ತಿಳಿಯಿರಿ.

* ಹಣ ಹೋಯಿತೆಂದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೋಸಗಾರರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವುದರೊಳಗೆ ದೂರು ಹೋದರೆ ತಡೆಯುವ ಅವಕಾಶ ಹೆಚ್ಚು. ‘ಮನೆಯವರು ಬೈತಾರ’ ಅಂತ ಮುಚ್ಚಿಡಬ್ಯಾಡ್ರಿ, ಮುಚ್ಚಿಟ್ಟಷ್ಟೂ ಮೋಸಗಾರನಿಗೇ ಲಾಭ.

* ಊಟದ ಹೊತ್ತಿಗೆ ಎಲ್ಲರ ಮೊಬೈಲೂ ಒಂದು ಕಡೆ ಇರಲಿ, ಯಜಮಾನರದ್ದೂ ಸೇರಿ! ದೊಡ್ಡವರು ಬಿಡದಿದ್ದರೆ ಮಕ್ಕಳು ಬಿಟ್ಟಾರೆಯೇ?

ಮೊದಲೆಲ್ಲ ಕಾರ್ಯಕ್ರಮ ಮುಗಿದಾಗ ಟಿವಿ ತಾನೇ ‘ಸಾಕು’ ಎನ್ನುತ್ತಿತ್ತು. ಈಗ ‘ಸಾಕು’ ಎನ್ನಬೇಕಾದವರು ನಾವೇ. ಇವತ್ತೇ ಹತ್ತು ನಿಮಿಷ ಬಿಡುವು ಮಾಡಿಕೊಂಡು ಆಟೋಪೇ ಪಟ್ಟಿ ತೆರೆದು ನೋಡಿ.