ಬಳಸಿದ ನೀರಿಗೆ ಎಷ್ಟು ಇಂಚಿನ ಪೈಪು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಗೊತ್ತು. ಹೊಸ ಮನೆ ಕಟ್ಟುವಾಗ ನಾವು ಬಾಗಿಲು ನೋಡುತ್ತೇವೆ. ಒಲೆಕಟ್ಟೆ ನೋಡುತ್ತೇವೆ. ನೀರು ಬರುವ ನಲ್ಲಿ ನೋಡುತ್ತೇವೆ. ಬಳಸಿದ ನೀರು ಹೊರಗೆ ಹೋಗುವ ಪೈಪಿನ ವಿಷಯ ಮಾತ್ರ ಕೇಳುವುದೇ ಇಲ್ಲ. ಅದು ಮೇಸ್ತ್ರಿಯ ಕೆಲಸ ಅಂತ ಬಿಟ್ಟುಬಿಡುತ್ತೇವೆ.

ಆದರೆ ಪೈಪು ಕಟ್ಟಿಕೊಂಡರೆ ಕೋಲು ಹಿಡಿದು ಕೂರುವವರು ಯಾರು? ನಾವೇ ತಾನೆ? ಪೈಪು ನೆಲದ ಅಡಿ ಇರುತ್ತದೆ. ಆಮೇಲೆ ಬದಲಿಸಬೇಕೆಂದರೆ ನೆಲ ಒಡೆಯಬೇಕು. ದುಡ್ಡೂ ಹಾಳು, ಮನೆಯೂ ಹಾಳು. ಅದಕ್ಕೇ ಮೊದಲೇ ಕೇಳಿ ತಿಳಿಯೋಣ.

ಯಾವುದಕ್ಕೆ ಎಷ್ಟು ಇಂಚು?

ಪಾತ್ರೆ ತೊಳೆಯುವ ಸಿಂಕಿಗೆ 2 ಇಂಚು. ಬಚ್ಚಲಿಗೆ 3 ಇಂಚು. ಕಕ್ಕಸಿಗೆ 4 ಇಂಚು. ಚಿಕ್ಕ ಮನೆಗೆ ಇದು ಸಾಕು.

ಅಂಗಡಿಯಲ್ಲಿ ಪೈಪಿನ ಮೇಲೆ ಅಳತೆ ಬರೆದಿರುತ್ತದೆ. ಅದು ಮಿಲಿಮೀಟರಿನ ಲೆಕ್ಕ. 75 ಎಂದರೆ ಸುಮಾರು 3 ಇಂಚು. 110 ಎಂದರೆ ಸುಮಾರು 4 ಇಂಚು. ನಾವು ಅಂಕಿ ಕಲಿತಿದ್ದೇವಲ್ಲ, ಓದಿ ನೋಡಿಯೇ ದುಡ್ಡು ಕೊಡೋಣ.

ಹಳ್ಳ ಹೋಗಿ ಹೊಳೆ ಸೇರುತ್ತದೆ. ಹೊಳೆ ಹಳ್ಳಕ್ಕಿಂತ ಅಗಲ. ಪೈಪೂ ಹಾಗೆಯೇ. ಮುಂದೆ ಮುಂದೆ ಹೋದಂತೆ ಅದು ಕಿರಿದಾಗಬಾರದು. 3 ಇಂಚಿನ ಪೈಪಿನ ನೀರನ್ನು 2 ಇಂಚಿನ ಪೈಪಿಗೆ ಬಿಟ್ಟರೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಎಲ್ಲದಕ್ಕೂ 6 ಇಂಚು ಹಾಕಿದರೆ ಒಳ್ಳೆಯದಲ್ಲವೇ? ಅಲ್ಲ. ಅಗಲ ಪೈಪಿನಲ್ಲಿ ಒಂದು ಬಕೆಟ್ ನೀರು ತೆಳ್ಳಗೆ ಹರಡಿಕೊಳ್ಳುತ್ತದೆ. ಕೊಳೆಯನ್ನು ತಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಕೊಳೆ ಅಲ್ಲೇ ಕೂರುತ್ತದೆ.

ವಾಟ ಇರಲಿ

ಪೈಪಿಗೆ ಇಳಿಜಾರು ಬೇಕು. ಇದನ್ನೇ ಮೇಸ್ತ್ರಿಗಳು ವಾಟ ಅನ್ನುತ್ತಾರೆ. 10 ಅಡಿ ಉದ್ದಕ್ಕೆ ಸುಮಾರು 3 ಇಂಚು ಇಳಿಯಬೇಕು. ಕೈಯಲ್ಲಿ ನೀರು ಸುರಿಯುವ ಕಕ್ಕಸಿನ ಪೈಪಿಗೆ ಇನ್ನೂ ಹೆಚ್ಚು ವಾಟ ಬೇಕು. ಯಾಕೆಂದರೆ ಅಲ್ಲಿ ಸುರಿಯುವ ನೀರು ಕಡಿಮೆ.

ಪೈಪು ಒಮ್ಮೆಲೇ ಅಡ್ಡ ತಿರುಗಿದರೆ ಕಸ ಆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಬಾಗಿ ಹೋಗಬೇಕು. ತಿರುವಿನಲ್ಲಿ ಒಂದು ಚೇಂಬರ್ ಕಟ್ಟಿಸೋಣ. ಮುಚ್ಚಳ ತೆಗೆದರೆ ಕಸ ಕಾಣುತ್ತದೆ, ತೆಗೆಯುವುದೂ ಸುಲಭ.

ನೀರು ನಿಲ್ಲುವ ಬಾಗು

ಸಿಂಕು, ಬಚ್ಚಲು, ಕಕ್ಕಸು ಮೂರಕ್ಕೂ ಟ್ರ್ಯಾಪ್ ಇರಬೇಕು. ಇದು ಬಾಗಿದ ತುಂಡು. ಇದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಬಾಗಿಲಿದ್ದಂತೆ. ಕೆಟ್ಟ ವಾಸನೆ, ಜಿರಲೆ ಮನೆಯೊಳಗೆ ಬರದಂತೆ ತಡೆಯುತ್ತದೆ.

ಇನ್ನೊಂದು ಮಾತು. ಎರಡು ಗುಂಡಿಯ ಕಕ್ಕಸು ಇದ್ದರೆ ಬಚ್ಚಲ ನೀರನ್ನು ಆ ಗುಂಡಿಗೆ ಬಿಡಬಾರದು. ಬಿಟ್ಟರೆ ಗುಂಡಿ ಬೇಗ ತುಂಬುತ್ತದೆ. ಬಚ್ಚಲ ನೀರಿಗೆ ಬೇರೆ ಇಂಗುಗುಂಡಿ ಮಾಡಿಸೋಣ. ಇಲ್ಲವೇ ಗಿಡಗಳಿಗೆ ಬಿಡೋಣ.

ಮೇಸ್ತ್ರಿಯನ್ನು ಕೇಳೋಣ

ಪೈಪು ಎಷ್ಟು ಇಂಚಿನದು? ವಾಟ ಎಷ್ಟು? ಟ್ರ್ಯಾಪ್ ಎಲ್ಲಿದೆ? ಚೇಂಬರ್ ಎಲ್ಲಿದೆ?

ಮಣ್ಣು ಮುಚ್ಚುವ ಮೊದಲು ಎರಡು ಬಕೆಟ್ ನೀರು ಸುರಿದು ನೋಡೋಣ. ನೀರು ಸರಾಗವಾಗಿ ಹೋಯಿತೇ? ಜೋಡಿಸಿದ ಕಡೆ ಎಲ್ಲಾದರೂ ಸೋರಿತೇ? ಎಲ್ಲ ಸರಿ ಇದ್ದರೆ ಮಾತ್ರ ಮುಚ್ಚಲಿ.

ಕೇಳಲು ಸಂಕೋಚ ಯಾಕೆ? ಆ ಮನೆಯಲ್ಲಿ ದಿನವೂ ನೀರು ಚೆಲ್ಲುವವರು ನಾವೇ.